ನಿಮಗಿದು ಗೊತ್ತೆ? ನೌಕಾಪಡೆಯಿಲ್ಲದ ನೌಕಾದಾಳಿ
1943ರ ಮಾರ್ಚ್ 9ರ ರಾತ್ರಿ ಗೋವಾದ ಮರ್ಮುಗೋವಾ ಬಂದರಿನಲ್ಲಿ ನಾಲ್ಕು ಹಡಗುಗಳು ಹೊತ್ತಿ ಉರಿದವು. ಮೂರು ಹಡಗು ಜರ್ಮನಿಯವು, ಒಂದು ಇಟಲಿಯದು. ಬ್ರಿಟಿಷರ ಗುರಿ, ಗುಪ್ತ ರೇಡಿಯೊ ಇದ್ದ ಎಹ್ರೆನ್‌ಫೆಲ್ಸ್ ಎಂಬ ಜರ್ಮನ್ ಹಡಗು. ದಾಳಿಗೆ ಬಂದವರು ನಾವಿಕರಲ್ಲ. ಕಲ್ಕತ್ತಾ ಲೈಟ್ ಹಾರ್ಸ್ ಎಂಬ ಹವ್ಯಾಸಿ ಕುದುರೆಪಡೆಯ ನಡುವಯಸ್ಸಿನ ವ್ಯಾಪಾರಿಗಳು! ಏರಿ ಬಂದದ್ದು ಹೂಳು ಸಾಗಿಸುವ ‘ಫೀಬಿ’ ಎಂಬ ಹಳೇ ದೋಣಿ. ಹಡಗು ಕೈತಪ್ಪುವುದನ್ನು ಕಂಡ ಜರ್ಮನ್ ಸಿಬ್ಬಂದಿ ತಾವೇ ಬೆಂಕಿಯಿಟ್ಟು, ಕವಾಟ ತೆರೆದು ನೀರು ನುಗ್ಗಿಸಿದರು. ಉಳಿದ ಹಡಗುಗಳವರೂ ತಮ್ಮವಕ್ಕೆ ಬೆಂಕಿ ಹಚ್ಚಿದರು. ಗೋವಾ ಆಗ ತಟಸ್ಥ ಪೋರ್ಚುಗಲ್‌ನ ವಶದಲ್ಲಿತ್ತು. ಹಾಗಾಗಿ ಬ್ರಿಟನ್ ತುಟಿ ಬಿಚ್ಚಲಿಲ್ಲ. ಜೀವ ಪಣಕ್ಕಿಟ್ಟವರಿಗೆ ಒಂದು ಪದಕವೂ ಸಿಗದಿದ್ದುದು ಅನ್ಯಾಯವೇ. ಈ ಗುಟ್ಟು ಹೊರಬಿದ್ದದ್ದು 1978ರಲ್ಲಿ.