ಟ್ರಾಫಿಕ್ಕಿಗೆ ಯಾವ ಬೈಕು? ನಮ್ಮ ಮನೆಯ ಲೆಕ್ಕ

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ನನಗೆ 17 ವರ್ಷ. ಬೈಕು ಓಡಿಸಲು ನನಗೆ ಬರುವುದಿಲ್ಲ. ಆದರೂ ಬೈಕಿನ ಬಗ್ಗೆ ಬರೆಯುತ್ತಿದ್ದೇನೆ. ಕಳೆದ ಎರಡು ತಿಂಗಳು ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಚಹಾಕ್ಕೆ ಕೂತರೂ ಒಂದೇ ಮಾತು: ಅಬ್ಬಾಗೆ ಯಾವ ಬೈಕು ಕೊಳ್ಳುವುದು? ಕೊನೆಗೆ ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಆ ಲೆಕ್ಕ ನಿಮ್ಮ ಮನೆಗೂ ಉಪಯೋಗವಾಗಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ಬೆಂಗಳೂರಿನ ಟ್ಯಾನರಿ ರಸ್ತೆಯ ಹತ್ತಿರ. ಅಬ್ಬಾ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮಷಿನ್ ನಡೆಸುತ್ತಾರೆ. ಜಯಮಹಲ್, ಮೇಖ್ರಿ ವೃತ್ತ, ಯಶವಂತಪುರ, ಗೊರಗುಂಟೆಪಾಳ್ಯ ದಾಟಿ ಹೋಗಬೇಕು. ದಾರಿ ಸುಮಾರು 15 ಕಿ.ಮೀ. ಬೆಳಿಗ್ಗೆ ಅದಕ್ಕೆ ಹಿಡಿಯುವ ಸಮಯ 1 ಗಂಟೆ 10 ನಿಮಿಷ. ಭಾಗಿಸಿ ನೋಡಿದರೆ ವೇಗ ಗಂಟೆಗೆ 13 ಕಿ.ಮೀ. ಕೂಡ ಇಲ್ಲ. ಸೈಕಲ್ ತುಳಿಯುವವರೂ ಅಷ್ಟು ವೇಗದಲ್ಲಿ ಹೋಗುತ್ತಾರೆ! ನಮ್ಮ ಕಾಲೇಜು ಈ ದಾರಿಯಲ್ಲೇ ಇರುವುದರಿಂದ ಅಬ್ಬಾ ನನ್ನನ್ನು ಹಿಂದೆ ಕೂರಿಸಿಕೊಂಡು ಬಂದು ಗೇಟಿನ ಬಳಿ ಇಳಿಸಿ ಹೋಗುತ್ತಾರೆ.

ಅಬ್ಬಾನ ಹಳೆಯ 100 ಸಿ.ಸಿ. ಬೈಕಿಗೆ 14 ವರ್ಷ ಆಗಿತ್ತು. ಹೊಗೆ ಬರುತ್ತಿತ್ತು. ಬೋರ್ ಹೋಗಿದೆ, ಎಂಜಿನ್ ಪೂರ್ತಿ ಬಿಚ್ಚಬೇಕು ಎಂದರು ಗ್ಯಾರೇಜಿನ ಚಾಚಾ. ನಮ್ಮ ಹತ್ತಿರ ಇದ್ದದ್ದು ಚೀಟಿ ಹಾಕಿ ಕೂಡಿಸಿದ 1,40,000 ರೂಪಾಯಿ. ಅದರಲ್ಲೇ ಬೈಕೂ ಆಗಬೇಕು, ಮುಂದಿನ ವರ್ಷ ನನ್ನ ಬಿ.ಕಾಂ. ಪ್ರವೇಶದ ಶುಲ್ಕವೂ ಆಗಬೇಕು. ಬಡ್ಡಿಯ ಸಾಲ ಅಬ್ಬಾಗೆ ಬೇಡವೇ ಬೇಡ.

ಭಾಯಿಜಾನ್ ಮನಸ್ಸಿನಲ್ಲಿ ಇದ್ದದ್ದು 350 ಸಿ.ಸಿ. ಬೈಕು. "ಅಬ್ಬಾ, ಜೀವನವೆಲ್ಲ ಸಣ್ಣ ಬೈಕೇ ಓಡಿಸಿದ್ದೀರಿ, ಒಮ್ಮೆ ಗತ್ತಿನಿಂದ ಹೋಗಿ. ಕಮ್ಮಿ ಬೀಳುವ ದುಡ್ಡಿಗೆ ನಾನು ಕಂತು ಕಟ್ಟುತ್ತೇನೆ" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಓಡಿಸಿ ನೋಡಲಿ ಎಂದು ತಮ್ಮ ಗೆಳೆಯನ ದೊಡ್ಡ ಬೈಕನ್ನು ಒಂದು ವಾರಕ್ಕೆ ತಂದುಕೊಟ್ಟರು. ಮೂರನೆಯ ದಿನ ಸಂಜೆ ಮಳೆ. ಗೊರಗುಂಟೆಪಾಳ್ಯದಲ್ಲಿ ಮುಂದಿನ ಬಸ್ಸು ತಟ್ಟನೆ ನಿಂತಿತು. ಅಬ್ಬಾ ಬ್ರೇಕ್ ಹಾಕಿ ಎಡಗಾಲು ಊರಿದರು. ಕೆಸರಿನಲ್ಲಿ ಕಾಲು ಜಾರಿತು. ನಿಂತ ಬೈಕೇ ನಿಧಾನವಾಗಿ ವಾಲಿ ಅವರ ಮೇಲೆ ಬಿತ್ತು. ಇಬ್ಬರು ಬಂದು ಎತ್ತಬೇಕಾಯಿತು. ಮಂಡಿ ಊದಿ ಐದು ದಿನ ಕೆಲಸಕ್ಕೆ ಹೋಗಲಾಗಲಿಲ್ಲ, ಐದು ದಿನದ ಕೂಲಿಯೂ ಹೋಯಿತು.

ಭಾಯಿಜಾನ್ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಅಬ್ಬಾ ಅವರನ್ನು ಕರೆದು, "ತಪ್ಪು ನಿನ್ನದಲ್ಲ ಬೇಟಾ, ಬೈಕಿನದೂ ಅಲ್ಲ. ಅದು ಹೆದ್ದಾರಿಯ ಬೈಕು. ನನ್ನದು ಸಿಗ್ನಲ್ಲಿನ ದಾರಿ" ಎಂದರು. ನಾನು ನೋಟ್ ಪುಸ್ತಕ ತೆಗೆದದ್ದು ಆ ರಾತ್ರಿ. ಯಾವ ಬೈಕು ಒಳ್ಳೆಯದು ಎಂಬ ಪ್ರಶ್ನೆ ಬಿಟ್ಟು, ಈ ದಾರಿಗೆ ಮತ್ತು ಈ ಮೈಗೆ ಯಾವುದು ಸರಿ ಎಂದು ಕೇಳಿಕೊಂಡೆ.

ಮೊದಲು ಭಾರ ಮತ್ತು ಎತ್ತರ

ಬೈಕಿನ ವಿವರದ ಹಾಳೆಯಲ್ಲಿ 'ಕರ್ಬ್ ವೇಟ್' ಎಂದು ಇರುತ್ತದೆ. ಎಂದರೆ ಪೆಟ್ರೋಲ್, ಆಯಿಲ್ ಎಲ್ಲ ತುಂಬಿದ ಬೈಕಿನ ಭಾರ. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112 ಕೆ.ಜಿ., ಹೋಂಡಾ ಶೈನ್ 125 ಹೆಚ್ಚು ಕಡಿಮೆ ಅಷ್ಟೇ. ಪಲ್ಸರ್ 150 ಸುಮಾರು 148 ಕೆ.ಜಿ. 350 ಸಿ.ಸಿ. ಬೈಕುಗಳು 180ರಿಂದ 195 ಕೆ.ಜಿ. ತೂಗುತ್ತವೆ. ಓಡುವಾಗ ಈ ಭಾರ ಗೊತ್ತಾಗುವುದಿಲ್ಲ, ಹೆದ್ದಾರಿಯಲ್ಲಿ ಅದರಿಂದ ಅನುಕೂಲವೇ ಇದೆ. ಆದರೆ ನಿಂತಾಗ, ತಿರುಗಿಸುವಾಗ, ಸ್ಟ್ಯಾಂಡಿನಿಂದ ಹಿಂದಕ್ಕೆ ಎಳೆಯುವಾಗ ಆ ಭಾರವೆಲ್ಲ ನಮ್ಮ ಕಾಲು ಸೊಂಟಗಳ ಮೇಲೆ ಬೀಳುತ್ತದೆ. ಟ್ರಾಫಿಕ್ಕಿನಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.

ಇನ್ನೊಂದು, ಸೀಟಿನ ಎತ್ತರ. ಸ್ಪ್ಲೆಂಡರ್‌ನಲ್ಲಿ ಅದು 785 ಮಿ.ಮೀ. ಆದರೆ ಸಂಖ್ಯೆ ಓದಿ ನಿರ್ಧರಿಸಬಾರದು, ಸೀಟು ಅಗಲ ಇದ್ದರೆ ಕಾಲು ಇನ್ನೂ ಮೇಲೆ ಉಳಿಯುತ್ತದೆ. ಶೋರೂಮಿನಲ್ಲಿ ಚಪ್ಪಲಿ ಹಾಕಿಕೊಂಡೇ ಕೂತು ನೋಡಬೇಕು. ಎರಡೂ ಪಾದಗಳ ಮುಂಭಾಗ ಗಟ್ಟಿಯಾಗಿ ನೆಲಕ್ಕೆ ಊರಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮತ್ತೊಮ್ಮೆ ನೋಡಬೇಕು.

ಎಡಗೈ ಎಷ್ಟು ಸಲ ಕ್ಲಚ್ ಹಿಡಿಯುತ್ತದೆ?

ಒಂದು ದಿನ ಹಿಂದೆ ಕೂತು ಅಬ್ಬಾನ ಎಡಗೈಯನ್ನೇ ನೋಡುತ್ತಾ ಎಣಿಸಿದೆ. ಮನೆಯಿಂದ ಕಾಲೇಜಿನ ಗೇಟಿನವರೆಗೆ 94 ಸಲ ಕ್ಲಚ್ ಹಿಡಿದರು. ಪೀಣ್ಯ ಇನ್ನೂ ದೂರ ಇತ್ತು. ಅಲ್ಲಿ ಹೋಗಿ ದಿನವೆಲ್ಲ ಅದೇ ಕೈಯಿಂದ ಲೇತ್ ನಡೆಸಬೇಕು. ಆದ್ದರಿಂದ ಕ್ಲಚ್ ಮೃದುವಾಗಿ ಇರಬೇಕು ಎಂದು ಬರೆದುಕೊಂಡೆ.

ಎಂಜಿನ್ನಿನ ಶಕ್ತಿಯನ್ನೂ ಹೀಗೆಯೇ ನೋಡಬೇಕು. ಜಾಹೀರಾತಿನಲ್ಲಿ ಅತಿ ಹೆಚ್ಚು ವೇಗ ಎಷ್ಟು ಎಂದು ಹೇಳುತ್ತಾರೆ. ನಮಗೆ ಬೇಕಾದದ್ದು ಗಂಟೆಗೆ 15–30 ಕಿ.ಮೀ. ವೇಗದಲ್ಲಿ ಎಳೆಯುವ ಬಲ. ಕಡಿಮೆ ವೇಗದಲ್ಲಿ ಎಂಜಿನ್ ಚೆನ್ನಾಗಿ ಎಳೆದರೆ ಎರಡನೇ ಗೇರಿನಲ್ಲೇ ಮೆಲ್ಲಗೆ ಹೋಗಬಹುದು. ಎಳೆಯದಿದ್ದರೆ ಅರ್ಧ ಕ್ಲಚ್ ಹಿಡಿದೇ ಸಾಗಬೇಕು. ಆಗ ಕ್ಲಚ್ ಪ್ಲೇಟುಗಳು ಬೇಗ ಸವೆಯುತ್ತವೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ಗಾಳಿಯಿಂದ ತಣ್ಣಗಾಗುವ ಎಂಜಿನ್ನಿಗೆ ಓಡುವಾಗ ಸಿಗುವ ಗಾಳಿಯೇ ಆಧಾರ. ಸಿಗ್ನಲ್ಲಿನಲ್ಲಿ ಗಾಳಿ ಇಲ್ಲ. ಎಂಜಿನ್ ದೊಡ್ಡದಾದಷ್ಟೂ ಕಾಲಿಗೆ ಬಿಸಿ ಹೆಚ್ಚು.

ಹಾಗಾದರೆ ಗೇರಿಲ್ಲದ ಸ್ಕೂಟರ್ ಕೊಳ್ಳಬಹುದಲ್ಲ ಎಂದರು ಅಮ್ಮಿ. ಒಳ್ಳೆಯ ಪ್ರಶ್ನೆ. ಕೈಗೆ ಆರಾಮ, ಸಾಮಾನು ಇಡಲು ಜಾಗವೂ ಇದೆ. ಆದರೆ ಸ್ಕೂಟರಿನ ಚಕ್ರ ಸಾಮಾನ್ಯವಾಗಿ 10 ಅಥವಾ 12 ಇಂಚು, ಇಂಥ ಬೈಕುಗಳದು 17 ಅಥವಾ 18 ಇಂಚು. ನಮ್ಮ ರಸ್ತೆಯ ಗುಂಡಿಗಳಲ್ಲಿ ಸಣ್ಣ ಚಕ್ರ ಆಳಕ್ಕೆ ಇಳಿಯುತ್ತದೆ. ಮೈಲೇಜೂ ಸ್ವಲ್ಪ ಕಡಿಮೆ. ಎಲೆಕ್ಟ್ರಿಕ್ ವಾಹನಕ್ಕೆ ದಿನಕ್ಕೆ 30 ಕಿ.ಮೀ. ಏನೇನೂ ಕಷ್ಟವಲ್ಲ. ಆದರೆ ನಾವು ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿದ್ದೇವೆ, ಕೆಳಗೆ ಚಾರ್ಜಿಂಗ್‌ಗೆ ಪಾಯಿಂಟ್ ಇಲ್ಲ. ಸ್ವಂತ ಜಾಗದಲ್ಲಿ ಚಾರ್ಜ್ ಮಾಡುವ ಸೌಕರ್ಯ ಇರುವವರು ಇದನ್ನು ಖಂಡಿತ ಯೋಚಿಸಬೇಕು.

ಹಿಂದೆ ಕೂರುವವರ ಮಾತು

ಬೈಕು ಆರಿಸುವಾಗ ಹಿಂದಿನ ಸೀಟಿನವರನ್ನು ಯಾರೂ ಕೇಳುವುದಿಲ್ಲ. ನಾನು ಕೇಳಿಸಿದೆ. ಬುರ್ಖಾ, ದುಪಟ್ಟಾ, ಸೀರೆ ಯಾವುದೇ ಇರಲಿ, ಅದರ ತುದಿ ಚಕ್ರಕ್ಕೋ ಚೈನಿಗೋ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡ್, ಹಿಡಿಯಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಲೇಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಸ್ಟೈಲಿಗೆ ಇದನ್ನು ಬಿಚ್ಚಿಸಬೇಡಿ. ಪೂರ್ತಿ ಮುಚ್ಚಿದ ಚೈನ್ ಕವರ್ ಇದ್ದರೆ ಇನ್ನೂ ಒಳ್ಳೆಯದು: ಬಟ್ಟೆ ಸಿಕ್ಕುವುದಿಲ್ಲ, ಕೆಸರು ತಾಗದೆ ಚೈನೂ ಹೆಚ್ಚು ಕಾಲ ಬಾಳುತ್ತದೆ. ಹಿಂಭಾಗ ಮೇಲೆದ್ದ ಸೀಟಾದರೆ ಪ್ರತಿ ಬ್ರೇಕಿಗೂ ಹಿಂದಿನವರು ಮುಂದಕ್ಕೆ ಜಾರುತ್ತಾರೆ. ಉದ್ದನೆಯ ಸಮತಟ್ಟಾದ ಸೀಟೇ ಸರಿ.

ಬ್ರೇಕಿನ ವಿಷಯ. 2019ರ ಏಪ್ರಿಲ್ 1ರಿಂದ 125 ಸಿ.ಸಿ.ಗಿಂತ ದೊಡ್ಡ ಬೈಕುಗಳಿಗೆ ಎ.ಬಿ.ಎಸ್. ಕಡ್ಡಾಯ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಅದು ತಡೆಯುತ್ತದೆ. 125 ಸಿ.ಸಿ.ವರೆಗಿನವುಗಳಿಗೆ ಸಿ.ಬಿ.ಎಸ್. ಆದರೂ ಇರಬೇಕು. ಅದರಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಟ್ಯೂಬ್‌ಲೆಸ್ ಟೈರ್ ಇರುವುದು ಒಳ್ಳೆಯದು. ಮೊಳೆ ಚುಚ್ಚಿದರೆ ಸಾಮಾನ್ಯವಾಗಿ ಗಾಳಿ ನಿಧಾನವಾಗಿ ಇಳಿಯುತ್ತದೆ, ಪಂಕ್ಚರ್ ಅಂಗಡಿ ಸಿಗುವವರೆಗೆ ಹೋಗಬಹುದು.

ಈಗ ಹಣದ ಲೆಕ್ಕ

ಅಬ್ಬಾ ತಿಂಗಳಿಗೆ 26 ದಿನ, ದಿನಕ್ಕೆ 30 ಕಿ.ಮೀ. ಓಡಿಸುತ್ತಾರೆ. ಒಟ್ಟು 780 ಕಿ.ಮೀ. ಲೆಕ್ಕ ಸುಲಭವಾಗಲಿ ಎಂದು ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದು ಹಿಡಿದೆ. ಕಂಪನಿ ಹೇಳುವ ಮೈಲೇಜ್ ತೆಗೆದುಕೊಳ್ಳಲಿಲ್ಲ. ನಮ್ಮ ಗಲ್ಲಿಯಲ್ಲಿ ದಿನವೂ ಓಡಿಸುವವರನ್ನು ಕೇಳಿ ಅಂದಾಜು ಮಾಡಿದೆ.

100 ಸಿ.ಸಿ.: ಲೀಟರಿಗೆ 55 ಕಿ.ಮೀ., ತಿಂಗಳಿಗೆ 1,418 ರೂಪಾಯಿ.
125 ಸಿ.ಸಿ.: ಲೀಟರಿಗೆ 50 ಕಿ.ಮೀ., ತಿಂಗಳಿಗೆ 1,560 ರೂಪಾಯಿ.
150 ಸಿ.ಸಿ.: ಲೀಟರಿಗೆ 40 ಕಿ.ಮೀ., ತಿಂಗಳಿಗೆ 1,950 ರೂಪಾಯಿ.
350 ಸಿ.ಸಿ.: ಲೀಟರಿಗೆ 30 ಕಿ.ಮೀ., ತಿಂಗಳಿಗೆ 2,600 ರೂಪಾಯಿ.

100 ಮತ್ತು 350ರ ನಡುವೆ ತಿಂಗಳಿಗೆ 1,182 ರೂಪಾಯಿ ವ್ಯತ್ಯಾಸ. ಐದು ವರ್ಷಕ್ಕೆ 70,920! ಇದು ಬರೀ ಪೆಟ್ರೋಲ್. ಟೈರ್, ಬ್ರೇಕ್ ಪ್ಯಾಡ್, ವಿಮೆ ಇವುಗಳಲ್ಲೂ ವ್ಯತ್ಯಾಸ ಇದೆ. ಅಕೌಂಟೆನ್ಸಿಯಲ್ಲಿ ನಾವು ಓದುವ ಸವಕಳಿಯನ್ನೂ ಮರೆಯಬಾರದು: ಹೆಚ್ಚು ಬೆಲೆಯ ಬೈಕು ಮಾರುವಾಗ ಕಳೆದುಕೊಳ್ಳುವ ಮೊತ್ತವೂ ಸಾಮಾನ್ಯವಾಗಿ ಹೆಚ್ಚು.

ಶೋರೂಮಿನಲ್ಲಿ 'ಎಕ್ಸ್ ಶೋರೂಮ್' ಬೆಲೆ ಕೇಳಿ ಖುಷಿ ಪಡಬೇಡಿ. ಅದರ ಮೇಲೆ ಜೀವಾವಧಿ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರುತ್ತವೆ. ಹೊಸ ದ್ವಿಚಕ್ರ ವಾಹನಕ್ಕೆ ಥರ್ಡ್ ಪಾರ್ಟಿ ವಿಮೆಯನ್ನು ಐದು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು. 'ಆನ್ ರೋಡ್' ಬೆಲೆಯ ವಿವರವನ್ನು ಒಂದೊಂದು ಸಾಲಾಗಿ ಬರೆಸಿಕೊಂಡು, ಅರ್ಥವಾಗದ ಸಾಲು ಇದ್ದರೆ ಕೇಳಿ.

ಲೆಕ್ಕ ಮುಗಿದಾಗ ಗೆದ್ದದ್ದು 100 ಸಿ.ಸಿ. ಆದರೆ ಅಬ್ಬಾ ಎರಡನ್ನೂ ನನ್ನನ್ನು ಕೂರಿಸಿಕೊಂಡು ಓಡಿಸಿ ನೋಡಿದರು. ಇಬ್ಬರಿದ್ದಾಗ ಏರಿನಲ್ಲಿ 125 ಸಿ.ಸಿ. ಬೈಕಿಗೆ ಗೇರ್ ಕಡಿಮೆ ಬದಲಿಸಬೇಕಾಯಿತು. ಅದರ ಕ್ಲಚ್ಚೂ ಹಗುರ. ಭಾರ 115 ಕೆ.ಜಿ. ಒಳಗೇ ಇತ್ತು. ವ್ಯತ್ಯಾಸ ತಿಂಗಳಿಗೆ 142 ರೂಪಾಯಿ. ಅಬ್ಬಾ 100 ಸಿ.ಸಿ. ಸಾಕು ಎಂದರು. "142 ರೂಪಾಯಿ ನಾನು ಕೊಡುತ್ತೇನೆ" ಎಂದರು ಭಾಯಿಜಾನ್. ಹೀಗೆ 125 ಸಿ.ಸಿ. ಬೈಕು ಬಂತು. ಸಾಲ ಮಾಡಲಿಲ್ಲ, ನನ್ನ ಶುಲ್ಕದ ಹಣವೂ ಉಳಿಯಿತು.

ಮೈಲೇಜ್ ಅಳೆಯುವ ವಿಧಾನವನ್ನೂ ಹೇಳಿಬಿಡುತ್ತೇನೆ. ಟ್ಯಾಂಕ್ ತುಂಬಿಸಿ ಮೀಟರಿನ ಸಂಖ್ಯೆ ಬರೆದುಕೊಳ್ಳಿ. ಕೆಲವು ದಿನ ಓಡಿಸಿ ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಾಕಿದ ಲೀಟರಿನಿಂದ ಭಾಗಿಸಿ. ನಮಗೆ ಬಂದದ್ದು 52.

ಕೊನೆಯದಾಗಿ, ನನ್ನ ವಯಸ್ಸಿನ ಗೆಳೆಯರಿಗೆ ಒಂದು ಮಾತು. ಗೇರ್ ಇರುವ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. ಅದಕ್ಕೆ ಮೊದಲು ಓಡಿಸಿ ಸಿಕ್ಕಿಬಿದ್ದರೆ ತಂದೆತಾಯಿಗೆ ಅಥವಾ ಬೈಕಿನ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆಗೂ ಕಾನೂನಿನಲ್ಲಿ ಅವಕಾಶ ಇದೆ. ಓಡಿಸಿದವರಿಗೆ 25 ವರ್ಷದವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕಾಲೇಜಿಗೆ ಒಂದು ದಿನ ಬೈಕಿನಲ್ಲಿ ಬಂದ ಖುಷಿಗೆ ಅಬ್ಬಾನ ತಿಂಗಳ ದುಡಿಮೆ ಹೋಗುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ನಿಮ್ಮ ಮನೆಯಲ್ಲಿ ಬೈಕಿನ ಮಾತು ಬಂದಾಗ ದಾರಿಯ ಕಿ.ಮೀ., ಓಡಿಸುವವರ ಎತ್ತರ, ಹಿಂದೆ ಕೂರುವವರ ಹೆಸರು, ಈ ಮೂರನ್ನು ಮೊದಲು ಒಂದು ಹಾಳೆಯಲ್ಲಿ ಬರೆಯಿರಿ. ಬಣ್ಣವನ್ನು ಆಮೇಲೆ ಆರಿಸಬಹುದು. ಇಬ್ಬರಿಗೂ ಐ.ಎಸ್.ಐ. ಗುರುತಿನ ಹೆಲ್ಮೆಟ್ ಕೊಳ್ಳುವ ದುಡ್ಡನ್ನು ಬೈಕಿನ ಬೆಲೆಯಲ್ಲೇ ಸೇರಿಸಿಕೊಳ್ಳಿ. ನಾವು ಹಾಗೆಯೇ ಮಾಡಿದೆವು.