ಕುಡಿತ ಬಿಡುವವರಿಗೆ ಸರಿಹೊಂದುವ ಸಭೆ



ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ, ಕಾಂಡಕೊರಕ ಹಿಡಿದ ಕಾಫಿ ಗಿಡವನ್ನು ಕಿತ್ತು ಸುಡುವುದು, ಇಂಥ ವಿಷಯಗಳನ್ನು ಈ ಪುಟಗಳಲ್ಲಿ ಸಾಕಷ್ಟು ಬರೆದಿದ್ದೇವೆ. ತೋಟದ ಯಜಮಾನನನ್ನೇ ಕೊರೆಯುವ ರೋಗದ ಬಗ್ಗೆ ಮಾತ್ರ ಒಂದು ಸಾಲೂ ಬರೆದಿಲ್ಲ. ಕಾರಣ ಸಂಕೋಚ. ಕುಡಿತ ಎಂದೊಡನೆ ಆಳುಗಳ ಮಾತೆತ್ತುವುದು ನಮಗೆ ರೂಢಿ. ಸಂಘದ ಸಾಲದ ಪುಸ್ತಕ ಬೇರೆಯೇ ಹೇಳುತ್ತದೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಪೀಡೆ ತೊಲಗಿತೆಂದುಕೊಂಡೆವು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ.

ಹೆಬ್ಬೆ ಕಡೆಯ ನಮ್ಮ ಸದಸ್ಯರೊಬ್ಬರು ಮೂರು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ ಉಳ್ಳವರು. ಹೆಸರು ಬೇಡ, ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಚೇಣಿಗೆ ಕೊಟ್ಟ ಅಡಿಕೆಯ ಮುಂಗಡ ಕುಡಿತಕ್ಕೆ ಹೋಯಿತು. ಗೊಬ್ಬರಕ್ಕೆಂದು ಸಂಘ ಕೊಟ್ಟ ಸಾಲವೂ ಅದೇ ದಾರಿ ಹಿಡಿದಾಗ ಅವರ ಮನೆಯಾಕೆ ಕಚೇರಿಗೆ ಬಂದು, "ಅಣ್ಣಾ, ಇನ್ನು ಅವರ ಕೈಗೆ ದುಡ್ಡು ಕೊಡಬೇಡಿ" ಎಂದರು. ಆ ಅರ್ಜಿಗೆ ಸಹಿ ಹಾಕಿದವರು ನಾವೇ. ಅವರು ಹಗಲಲ್ಲೇ ಕುಡಿಯುತ್ತಿದ್ದುದು ನಮಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ.

ಮುಂದಿನ ತಪ್ಪೂ ನಮ್ಮದೇ. ಇವತ್ತಿನಿಂದಲೇ ಬಿಡಿ ಎಂದು ಗದರಿಸಿದೆವು, ಬಿಟ್ಟರು. ಮರುದಿನ ಕೈನಡುಕ, ಬೆವರು. ಮೂರನೆಯ ರಾತ್ರಿ ಎದುರಿಗಿಲ್ಲದ ಜನರೊಡನೆ ಮಾತು. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಜೀವಕ್ಕೇ ಅಪಾಯವಾಗಬಹುದು ಎಂದು ಡಾಕ್ಟರು ಹೇಳಿದ ಮೇಲೆ ನಮ್ಮ ಎದೆ ನಡುಗಿತು. ಆದ್ದರಿಂದ ಮೊದಲು ವೈದ್ಯರು, ಆಮೇಲೆ ಸಭೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಹೋಗಲು ಹಿಂಜರಿಯುವವರು 14416ಕ್ಕೆ (ಟೆಲಿಮಾನಸ್) ಅಥವಾ 14446ಕ್ಕೆ ಉಚಿತವಾಗಿ ಫೋನು ಮಾಡಿ ಕೇಳಬಹುದು.

ಔಷಧಿ ಮೈಯ ನಡುಕ ನಿಲ್ಲಿಸಿತು. ಸಂಜೆ ಆರು ಗಂಟೆಗೆ ಏನು ಮಾಡುವುದೆಂಬುದು ಹಾಗೆಯೇ ಉಳಿಯಿತು. ಡಾಕ್ಟರೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗಿರೆಂದರು. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಷೇರು ದಲ್ಲಾಳಿ, ಇನ್ನೊಬ್ಬ ಡಾಕ್ಟರು, ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ್ದು ಇದು. ಭಾರತಕ್ಕೆ 1957ರಲ್ಲಿ ಬಂದಿತು. ಚಂದಾ ಇಲ್ಲ, ಅರ್ಜಿ ಇಲ್ಲ, ಹೆಸರು ಹೊರಗೆ ಹೇಳುವಂತಿಲ್ಲ. ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಷೇರು ಹಣವಿಲ್ಲದೆ ಸದಸ್ಯತ್ವ ಕೊಡುವ ಸಂಘ ನಮಗೆ ತಿಳಿದಂತೆ ಇದೊಂದೇ!

ನಮ್ಮ ಸದಸ್ಯರು ಮೊದಲು ಹೋದದ್ದು ಬೆಂಗಳೂರಿನಲ್ಲಿ, ನೆಂಟರ ಮನೆಯಲ್ಲಿದ್ದಾಗ. ಮಾತೆಲ್ಲ ಇಂಗ್ಲಿಷು. ಒಂದು ಗಂಟೆ ಕುಳಿತು, ಚಹಾ ಕುಡಿದು ಎದ್ದು ಬಂದರು. ಎರಡನೆಯದು ಇಲ್ಲಿಗೆ ಹತ್ತಿರದ ಪೇಟೆಯಲ್ಲಿ. ಒಳಗೆ ಕಾಲಿಟ್ಟರೆ ತಮ್ಮ ಚೇಣಿದಾರರ ಗುಮಾಸ್ತರೇ ಎದುರಿಗೆ! ಕುಳಿತುಕೊಳ್ಳದೆ ಬಸ್ಸು ಹತ್ತಿದರು. ಆ ಗುಮಾಸ್ತರು ಅಲ್ಲಿಗೆ ಏಕೆ ಬಂದಿದ್ದರೆಂಬುದು ಇವರಿಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. "ಸಭೆ ನನಗೆ ಆಗಿಬರುವುದಿಲ್ಲ" ಎಂದು ತೀರ್ಮಾನಿಸಿಬಿಟ್ಟರು.

ಆಗಿಬರದಿದ್ದದ್ದು ಆ ಎರಡು ಸಭೆಗಳು. ಹಳಬರು ಹೇಳುವಂತೆ ಬೇರೆ ಬೇರೆ ಕಡೆ ಐದಾರು ಸಭೆ ನೋಡದೆ ನಿರ್ಧರಿಸಬಾರದು. ಯಾರು ಬೇಕಾದರೂ ಬಂದು ಕೇಳಬಹುದಾದ ತೆರೆದ ಸಭೆಗಳೂ ಉಂಟು, ಕುಡಿತದ ತೊಂದರೆ ಇರುವವರಿಗೆ ಮಾತ್ರ ಮೀಸಲಾದವೂ ಉಂಟು. ಮೂರನೆಯದಕ್ಕೆ, ಪಕ್ಕದ ಜಿಲ್ಲೆಯ ಪೇಟೆಗೆ, ನಾವೂ ಜೊತೆಗೆ ಹೋದೆವು. ಅದು ತೆರೆದ ಸಭೆ. ಕನ್ನಡದಲ್ಲೇ ಮಾತು. ಲಾರಿ ಚಾಲಕರು, ಒಬ್ಬ ನಿವೃತ್ತ ಮೇಷ್ಟರು, ಇಬ್ಬರು ಅಡಿಕೆ ಬೆಳೆಗಾರರು. ಅವರಲ್ಲೊಬ್ಬರು ಬೆಳೆಯ ಮುಂಗಡ ಕುಡಿದ ಕತೆ ಹೇಳುತ್ತಿದ್ದಂತೆ ನಮ್ಮವರು ತಲೆ ತಗ್ಗಿಸಿದರು. ಮುಂದಿನ ವಾರ ಕರೆಯದೆಯೇ ಹೋದರು.

ಆದರೆ ಎರಡು ಬಸ್ಸಿನ ದಾರಿ. ಕಾಫಿ ಕೊಯ್ಲಿನಲ್ಲಿ ಐದು ವಾರ ತಪ್ಪಿತು, ಅದರಲ್ಲೊಂದು ವಾರ ಕುಡಿದೂ ಬಿಟ್ಟರು. ಮುಖ ತೋರಿಸುವುದು ಹೇಗೆಂದು ಹೆದರಿ ಹೋದರೆ, ಅಲ್ಲಿಯವರು ಏನೂ ಕೇಳದೆ ಕುರ್ಚಿ ಎಳೆದು ಹಾಕಿದರಂತೆ. ಈಗ ಕೊಯ್ಲಿನ ದಿನಗಳಲ್ಲಿ ಫೋನಿನಲ್ಲೇ ನಡೆಯುವ ಸಭೆಗೆ ಸೇರುತ್ತಾರೆ. ಸಿಗ್ನಲ್ಲಿಗಾಗಿ ತೋಟದ ಮೇಲಿನ ದಿಬ್ಬ ಹತ್ತಬೇಕು, ಅಷ್ಟೆ. ಹತ್ತಿರದ ಸಭೆಯೇ ಒಳ್ಳೆಯದೆಂದಲ್ಲ, ಆದರೆ ಸುಗ್ಗಿಯಲ್ಲೂ ತಪ್ಪದೆ ತಲುಪಬಹುದಾದದ್ದು ಒಂದಿರಲೇಬೇಕೆಂದು ನಮ್ಮ ಅಭಿಪ್ರಾಯ.

ಭಜನೆ, ಪೂಜೆಯಲ್ಲಿ ಮನಸ್ಸು ನಿಲ್ಲುವವರಿಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ. ಎಂಟು ದಿನ ಅಲ್ಲಿಯೇ ವಾಸ, ಬಳಿಕ ಊರಿನಲ್ಲಿ ನವಜೀವನ ಸಮಿತಿ. ಶಿಬಿರ ಮುಗಿಸಿ ಸಮಿತಿಯನ್ನು ಮರೆಯುವುದು ಗಿಡ ನೆಟ್ಟು ನೆರಳು ಕೊಡದಂತೆ. ಆಲ್ಕೊಹಾಲಿಕ್ಸ್ ಅನಾನಿಮಸ್‌ನಲ್ಲೂ ದೇವರ ಮಾತು ಬರುತ್ತದೆ, ಆದರೆ ಅವರವರು ತಿಳಿದಂಥ ದೇವರು; ಯಾವ ಮತದವರಿಗೂ ಅಡ್ಡಿಯಿಲ್ಲ.

ಮನೆಯವರಿಗೂ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ. ಆ ತಾಯಿ ಫೋನಿನ ಮೂಲಕ ಅದಕ್ಕೆ ಸೇರಿದ್ದಾರೆ. ಗಂಡ ಬಿಟ್ಟರೂ ಬಿಡದಿದ್ದರೂ ತಾನು ರಾತ್ರಿ ನಿದ್ದೆ ಮಾಡುವುದನ್ನು ಅಲ್ಲಿ ಕಲಿತೆನೆಂದರು.

ಸಂಘದ ಮಟ್ಟಿಗೆ ಎರಡು ಮಾತು. ಮನೆಯವರು ಕೇಳಿಕೊಂಡಲ್ಲಿ, ಸದಸ್ಯರ ಒಪ್ಪಿಗೆ ಪಡೆದು, ಗೊಬ್ಬರದ ಸಾಲವನ್ನು ನಗದಿನ ಬದಲು ಗೊಬ್ಬರವಾಗಿಯೇ ಕೊಡುತ್ತೇವೆ. ಸಂಘದ ಜೀಪು ಸಾಮಾನು ತರಲು ವಾರಕ್ಕೊಮ್ಮೆ ಪೇಟೆಗೆ ಹೋಗುವ ದಿನವನ್ನು ಅಲ್ಲಿಯ ಸಭೆಯ ದಿನಕ್ಕೇ ಹೊಂದಿಸಿದ್ದೇವೆ. ಮಧ್ಯಾಹ್ನ ಮೂರಕ್ಕೆ ಹೊರಟು ರಾತ್ರಿ ಹಿಂತಿರುಗುತ್ತದೆ. ಹತ್ತುವವರು ಕಾರಣ ಹೇಳಬೇಕಾಗಿಲ್ಲ.