ನಿಮಗಿದು ಗೊತ್ತೆ? ಅನ್ನನಾಳದ ಹಟಮಾರಿ ಸ್ನಾಯು
ಅನ್ನನಾಳ ಜಠರವನ್ನು ಸೇರುವಲ್ಲಿ ಸ್ನಾಯುವಿನ ಉಂಗುರವೊಂದಿದೆ. ನುಂಗಿದಾಗ ಅದು ಸಡಿಲವಾಗಬೇಕು. ಅಲ್ಲಿನ ನರಕೋಶಗಳು ನಶಿಸಿದರೆ ಬಿಗಿದೇ ಇರುತ್ತದೆ, ನೀರಿಳಿಯುವುದೂ ಕಷ್ಟ. ಇದೇ ಅಕಲೇಸಿಯಾ. 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ವಿಲ್ಲಿಸ್ ಇಂಥ ರೋಗಿಯೊಬ್ಬನಿಗೆ ತಿಮಿಂಗಿಲದಿಂದ ಪಡೆದ ಕಡ್ಡಿಯ ತುದಿಗೆ ಸ್ಪಂಜು ಕಟ್ಟಿಕೊಟ್ಟರು. ಉಂಡಾಗಲೆಲ್ಲ ಅದನ್ನು ಗಂಟಲಿಗೆ ತೂರಿಸಿ ಆಹಾರ ತಳ್ಳಿಕೊಳ್ಳಬೇಕಿತ್ತು, ಪಾಪ!

1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲ್ಲರ್ ಒಳಪದರ ಉಳಿಸಿ ಸ್ನಾಯುವನ್ನಷ್ಟೇ ಸೀಳಿದರು. ಇಂದಿನ ಲ್ಯಾಪ್ರೊಸ್ಕೋಪಿಕ್ ಶಸ್ತ್ರಚಿಕಿತ್ಸೆಯ ತಿರುಳೂ ಅದೇ.

ರೋಗ ಖಚಿತಪಡಿಸುವುದು ಮಾನೊಮೆಟ್ರಿ. ಮೂಗಿನಿಂದ ಇಳಿಸಿದ ತೆಳು ನಳಿಕೆ ಪ್ರತಿ ಗುಟುಕಿನ ಒತ್ತಡ ಅಳೆಯುತ್ತದೆ. ನುಂಗಿದ ಮೇಲೂ ಉಂಗುರದ ಒತ್ತಡ ಪಾದರಸದ ಸುಮಾರು 15 ಮಿಲಿಮೀಟರ್‌ಗಿಂತ ಕೆಳಗಿಳಿಯದಿದ್ದರೆ ಅನುಮಾನ ಬಲವಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸೀಳಿದ ಮೇಲೆ ಆಮ್ಲ ಮೇಲೇರದಂತೆ ಜಠರದ ಮೇಲ್ಭಾಗವನ್ನು ಅನ್ನನಾಳಕ್ಕೆ ಅರೆಸುತ್ತು ಸುತ್ತಿ ಹೊಲಿಯುವುದುಂಟು.